ಎಪ್ಪತ್ತೇಳು ದಿನಗಳ ಮುಷ್ಕರ ಮತ್ತು ‘ನಮ್ಮವರು’ ಯಾರು ಎಂಬ ಪ್ರಶ್ನೆ

ಬೊಂಬಾಯಿಯ ಬಟ್ಟೆ ಗಿರಣಿ ಮುಷ್ಕರ ಬಹಳ ಜನಕ್ಕೆ ಗೊತ್ತು. 1982ರ ಜನವರಿ, ದತ್ತಾ ಸಾಮಂತ್, ಬಾಗಿಲು ಹಾಕಿದ ಗಿರಣಿಗಳು... ಅದರ ಮೇಲೆ ಪುಸ್ತಕ ಬಂದಿದೆ, ಸಿನಿಮಾ ಬಂದಿದೆ. ಅದಕ್ಕೂ ಒಂದು ವರ್ಷ ಮೊದಲು ನಮ್ಮ ಬೆಂಗಳೂರಿನಲ್ಲೇ ನಡೆದ ಮುಷ್ಕರದ ಬಗ್ಗೆ ಕೇಳಿ ನೋಡಿ. ಆ ಕಾಲದ ಕಾರ್ಖಾನೆ ಮಂದಿಯನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ನನಗಂತೂ ಇದು ಬೇಜಾರಿನ ಸಂಗತಿ. ಅದಕ್ಕೇ ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. ಸಾಫ್ಟ್‌ವೇರ್ ಬರುವ ಮುನ್ನ ಬೆಂಗಳೂರು ಸರ್ಕಾರಿ ಕಾರ್ಖಾನೆಗಳ ಊರಾಗಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ ವಿಮಾನ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು. 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ದೂರವಾಣಿನಗರ ಎಂಬ ಚೆಂದದ ಹೆಸರು ಬಂದದ್ದೇ ಐಟಿಐನಿಂದ.

1980ರ ಡಿಸೆಂಬರ್ 26ರಂದು ಈ ಐದೂ ಕಂಪನಿಗಳ ಕಾರ್ಮಿಕರು ಮುಷ್ಕರಕ್ಕಿಳಿದರು. ಸುಮಾರು 1,25,000 ಜನ! ಕಂಪನಿ ಬೇರೆ, ಸಂಘ ಬೇರೆ, ನಾಯಕರು ಬೇರೆ. ಆದರೂ ಎಲ್ಲರೂ ಜಂಟಿ ಕ್ರಿಯಾ ರಂಗ ಕಟ್ಟಿಕೊಂಡು ಒಂದೇ ಬೇಡಿಕೆ ಇಟ್ಟರು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಗುವ ಸಂಬಳ ನಮಗೂ ಸಿಗಬೇಕು ಅಂತ. ಅದೂ ಕೇಂದ್ರ ಸರ್ಕಾರದ ಕಂಪನಿ, ಇವೂ ಅದೇ ಸರ್ಕಾರದವು. ಮತ್ತೆ ಸಂಬಳ ಮಾತ್ರ ಯಾಕೆ ಬೇರೆ? ಸರಳ ಪ್ರಶ್ನೆ ಅಲ್ಲವೇ?

ಆಗ ದೆಹಲಿಯಲ್ಲಿ ಇಂದಿರಾ ಗಾಂಧಿ, ಇಲ್ಲಿ ಗುಂಡೂರಾವ್. ಸರ್ಕಾರ ಬಗ್ಗಲಿಲ್ಲ. ಮುಷ್ಕರದ ನಡುವೆಯೇ ಸಂಕ್ರಾಂತಿ ಬಂತು, ಶಿವರಾತ್ರಿಯೂ ಬಂತು. 77 ದಿನ ಅಂದರೆ ಎರಡೂವರೆ ತಿಂಗಳ ಸಂಬಳ. ಬಾಡಿಗೆ, ದಿನಸಿ, ಮಕ್ಕಳ ಫೀಸು ಎಲ್ಲ ನೆನೆಸಿಕೊಳ್ಳಿ. 1981ರ ಮಾರ್ಚ್‌ನಲ್ಲಿ, ಕೇಳಿದ ಸಮಾನ ವೇತನ ಸಿಗದೆಯೇ, ಕಾರ್ಮಿಕರು ಒಳಗೆ ಹೋದರು. ಅದೇ ವರ್ಷ ಜುಲೈನಲ್ಲಿ ಮುಷ್ಕರ ನಿಷೇಧಿಸುವ ಅಧಿಕಾರ ಕೊಡುವ ‘ಎಸ್ಮಾ’ ಸುಗ್ರೀವಾಜ್ಞೆಯೂ ದೇಶಕ್ಕೆ ಬಂತು.

ಸೋತ ಮುಷ್ಕರ, ನಿಜ. ಆದರೆ ಐದು ಕಾರ್ಖಾನೆಯವರು ಎಪ್ಪತ್ತೇಳು ದಿನ ‘ನಾವೆಲ್ಲ ಒಂದೇ’ ಎಂದು ನಿಂತದ್ದು ಸಣ್ಣ ಮಾತಲ್ಲ.

ಈಗೇನಾಗಿದೆ? ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2019ರ ಅಕ್ಟೋಬರ್‌ನಲ್ಲಿ ಎಚ್‌ಎಎಲ್ ಕಾರ್ಮಿಕರು ವೇತನ ಪರಿಷ್ಕರಣೆಗಾಗಿ ಅನಿರ್ದಿಷ್ಟ ಮುಷ್ಕರ ಹೂಡಿ, ಹೈಕೋರ್ಟ್ ಆದೇಶದ ನಂತರ ಕೆಲಸಕ್ಕೆ ಮರಳಿದರು. ಈ ಸಲ ಅವರು ಹೋಲಿಸಿದ್ದು ಬಿಎಚ್‌ಇಎಲ್ ಜೊತೆ ಅಲ್ಲ, ತಮ್ಮದೇ ಕಂಪನಿಯ ಅಧಿಕಾರಿಗಳ ಜೊತೆ. ಅವರಿಗೆ ಅಷ್ಟು ಏರಿಕೆ, ನಮಗೆ ಇಷ್ಟೇನಾ ಅಂತ.

2021ರ ಡಿಸೆಂಬರ್‌ನಲ್ಲಿ ಐಟಿಐ ಗೇಟಿನ ಹೊರಗೆ ಸುಮಾರು 80 ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ತಮ್ಮನ್ನು ಕೆಲಸದಿಂದ ತೆಗೆದಿದ್ದಾರೆ ಎಂಬುದು ಅವರ ದೂರು. ನನ್ನನ್ನು ಯೋಚನೆಗೆ ಹಚ್ಚಿದ್ದು ಇದೇ. 1980ರಲ್ಲಿ ಸಮಾನತೆಯ ಪ್ರಶ್ನೆ ಒಂದು ಕಂಪನಿಗೂ ಇನ್ನೊಂದಕ್ಕೂ ನಡುವೆ ಇತ್ತು. ಈಗ ಅದು ಗೇಟು ದಾಟಿ ಒಳಗೇ ಬಂದಿದೆ. ಒಂದೇ ಶಿಫ್ಟು, ಒಂದೇ ಕೆಲಸ, ಒಬ್ಬ ಕಾಯಂ, ಪಕ್ಕದವನು ಗುತ್ತಿಗೆ. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಿಗಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ, ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ತೀರ್ಪು ಬಂದಷ್ಟು ಬೇಗ ಸಂಬಳ ಬರುವುದಿಲ್ಲ.

ಜೊತೆಗೆ ಹೊಸ ಕಾನೂನು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವ ಕಾರ್ಖಾನೆಯಲ್ಲೇ ಆಗಲಿ ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಶೇ. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಿಗೆ ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ!

ಕಾನೂನು ಬಿಗಿಯಾದಾಗ ಉಳಿಯುವುದು ಒಗ್ಗಟ್ಟೊಂದೇ. ಆದರೆ ಕಾಯಂ ನೌಕರರ ಸಂಘ ಗುತ್ತಿಗೆಯವರನ್ನು ಹೊರಗಿಟ್ಟು ಒಗ್ಗಟ್ಟು ಅಂದರೆ ಅದು ಅರ್ಧ ಒಗ್ಗಟ್ಟು. ಕಾಯಂ ನೌಕರರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಂತೆ ಆ ಅರ್ಧವೂ ಕರಗುತ್ತದೆ. ಎಂಬತ್ತರ ಕಾರ್ಮಿಕರು ‘ನಮ್ಮವರು’ ಎಂಬ ಮಾತನ್ನು ಐದು ಕಾಂಪೌಂಡುಗಳಾಚೆಗೂ ಹಿಗ್ಗಿಸಿದ್ದರು. ಈಗ ಪಕ್ಕದ ಮೆಷಿನ್‌ವರೆಗೆ ಹಿಗ್ಗಿಸಿದರೆ ಸಾಕು. ಅದೇ ಕಷ್ಟವಾಗಿದೆ ನೋಡಿ.

ಆ 77 ದಿನಗಳನ್ನು ಕಂಡವರಿಗೆ ಈಗ ವಯಸ್ಸಾಗಿದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ ಕೂರಿಸಿಕೊಂಡು ಕೇಳಿ. ಕೇಳಿದ್ದನ್ನು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಓದಲು ನಾನಂತೂ ಕಾಯುತ್ತಿರುತ್ತೇನೆ.