ಡ್ರಾಕುಲ

ಐರಿಷ್ ಲೇಖಕ ಬ್ರಾಮ್ ಸ್ಟೋಕರ್‌ನ (1847-1912) ಗೋಥಿಕ್ ಕಾದಂಬರಿ, ಪ್ರಕಟಣೆ 1897. ಬದುಕಿರುವವರ ನೆತ್ತರು ಹೀರಿ ಉಳಿಯುವ ಟ್ರಾನ್ಸಿಲ್ವೇನಿಯದ ಕೌಂಟನೊಬ್ಬ ಇಂಗ್ಲೆಂಡಿಗೆ ಬಂದು, ಅಲ್ಲಿ ನೆಲೆ ತಪ್ಪಿ ಹಿಂದಿರುಗಿ, ತನ್ನ ಕೋಟೆಯ ಸಮೀಪ ಹತನಾಗುವುದು ಇದರ ವಸ್ತು.

ಪೂರ್ವಸೂರಿಗಳು: ಈ ಬಗೆಯ ಕಥೆಗಳಲ್ಲಿ ಒಳಿತು ಗೆಲ್ಲಲೇಬೇಕೆಂಬ ಕಟ್ಟಳೆ ಮೊದಲಿಗೆ ಇರಲಿಲ್ಲ. ಪಾಲಿಡೋರಿಯ ದಿ ವ್ಯಾಂಪೈರ್ (1819) ಕಥೆಯಲ್ಲಿ ಪಿಶಾಚಿಗೆ ಆಣೆಯಿಟ್ಟ ಆಬ್ರಿ, ಮಾತಿಗೆ ಕಟ್ಟುಬಿದ್ದು ತಂಗಿಯನ್ನು ಕಳೆದುಕೊಳ್ಳುತ್ತಾನೆ. ಸಜ್ಜನಿಕೆಯೇ ಕೇಡಿಗೆ ಒದಗಿಬರುತ್ತದೆ. ಲೆ ಫ್ಯಾನುವಿನ ಕಾರ್ಮಿಲ್ಲದಲ್ಲಿ (1871-72) ಪಿಶಾಚಿ ಕಾರ್ಮಿಲ್ಲ ನಾಶವಾದ ಮೇಲೂ ನಿರೂಪಕಿ ಲಾರಾಳಿಗೆ ಅವಳ ಹೆಜ್ಜೆಸಪ್ಪಳ ಕೇಳಿದಂತಾಗುತ್ತದೆ. 1870ರಲ್ಲಿ ರಿಚರ್ಡ್ ಬರ್ಟನ್ ನಮ್ಮ ವಿಕ್ರಮನ ಬೇತಾಳನಿಗೂ ವ್ಯಾಂಪೈರ್ ಎಂಬ ಹೆಸರನ್ನೇ ಕೊಟ್ಟ. ಹೆಗಲೇರಿ ಒಗಟು ಕೇಳುವ ಆ ಬೇತಾಳನಿಗೆ ಇದು ಒಪ್ಪುವ ಹೆಸರಲ್ಲ.

ಹೆಸರು: 1890ರ ಬೇಸಿಗೆಯಲ್ಲಿ ವಿಟ್‌ಬಿ ಪಟ್ಟಣದಲ್ಲಿ ತಂಗಿದ್ದಾಗ ಸ್ಟೋಕರ್, ವಲೇಕಿಯ ಮತ್ತು ಮಾಲ್ಡೇವಿಯ ಸಂಸ್ಥಾನಗಳ ಬಗ್ಗೆ ವಿಲಿಯಂ ವಿಲ್ಕಿನ್‌ಸನ್ ಬರೆದ ಪುಸ್ತಕವನ್ನು (1820) ಓದಿದ. ವಲೇಕಿಯರ ಮಾತಿನಲ್ಲಿ ಡ್ರಾಕುಲ ಎಂದರೆ ಸೈತಾನ ಎಂದು ಅದರ ಅಡಿಟಿಪ್ಪಣಿಯೊಂದು ಹೇಳುತ್ತದೆ. ಸ್ಟೋಕರ್ ಇದನ್ನು ಬರೆದಿಟ್ಟುಕೊಂಡ. ಫಿಲಡೆಲ್ಫಿಯದ ರೋಸೆನ್‌ಬಾಕ್ ಸಂಗ್ರಹದಲ್ಲಿರುವ ಅವನ ಟಿಪ್ಪಣಿಗಳಲ್ಲಿ ಕೌಂಟ್ ವಾಂಪಿರ್ ಎಂಬ ಹೆಸರನ್ನು ಹೊಡೆದುಹಾಕಿ ಡ್ರಾಕುಲ ಎಂದು ತಿದ್ದಲಾಗಿದೆ. ಹೆಸರಿನ ಹುಟ್ಟಾದರೋ ಬೇರೆ. ವಲೇಕಿಯದ ಎರಡನೆಯ ವ್ಲಾದ್ 1431ರಲ್ಲಿ ಡ್ರ್ಯಾಗನ್ ಪಂಥವೆಂಬ ಕ್ರೈಸ್ತ ಯೋಧರ ಕೂಟ ಸೇರಿ ಡ್ರಾಕುಲ್ ಎನಿಸಿಕೊಂಡ; ಅವನ ಮಗ ಮೂರನೆಯ ವ್ಲಾದ್‌ನೇ ಡ್ರಾಕುಲ. ಧರ್ಮರಕ್ಷಕನ ಬಿರುದು ಹೀಗೆ ಸೈತಾನನ ಪಾಲಾಯಿತು. ಮಗನ ಶೂಲಶಿಕ್ಷೆಗಳ ಪ್ರಸ್ತಾಪ ಸ್ಟೋಕರ್‌ನ ಟಿಪ್ಪಣಿಗಳಲ್ಲಿ ಇಲ್ಲವಾದ್ದರಿಂದ, ಕೌಂಟ್ ಆ ಅರಸನ ಪ್ರತಿರೂಪವೆಂಬ ಜನಪ್ರಿಯ ವಾದವನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು.

ಒಳಿತು ಮತ್ತು ಕೆಡುಕು: ಕೌಂಟನನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್‌ನ ತಂಡ ಶಿಲುಬೆ, ಬೆಳ್ಳುಳ್ಳಿ ಹೂ, ಪರಮಪ್ರಸಾದಗಳ ಜೊತೆಗೆ ಟೈಪ್‌ರೈಟರ್, ಫೋನೋಗ್ರಾಫ್, ರೈಲು ವೇಳಾಪಟ್ಟಿಗಳನ್ನೂ ಬಳಸುತ್ತದೆ. ಆದರೆ ಗಡಿಗೆರೆ ಸ್ಪಷ್ಟವಿಲ್ಲ. ಕೌಂಟನಿಂದ ನೊಂದ, ತಂಡದವಳೇ ಆದ ಮೀನಾಳ ಹಣೆಯನ್ನೇ ಪರಮಪ್ರಸಾದ ಸುಡುತ್ತದೆ. ಅವನ ಮೇಲೂ ಕನಿಕರವಿರಲಿ ಎಂದು ಬೇಡುವವಳೂ ಅವಳೇ. ಕೌಂಟ್ ಸಾಯುವುದು ಮರದ ಗೂಟದಿಂದಲ್ಲ, ಒಂದು ಕುಕ್ರಿ ಮತ್ತು ಒಂದು ಬೋವಿ ಚಾಕುವಿನಿಂದ. ಆಗ ಅವನ ಮುಖದಲ್ಲಿ ಶಾಂತಿ ಮೂಡಿದ್ದನ್ನು ಮೀನಾ ಕಾಣುತ್ತಾಳೆ.

ಕಥನ ಹೆಚ್ಚಾಗಿ ಬೇಟೆಗಾರರ ದಿನಚರಿ, ಪತ್ರ, ತಂತಿಗಳಿಂದ ಹೆಣೆದದ್ದು; ಕೌಂಟನ ದಿನಚರಿಯಿಲ್ಲ. ತಮ್ಮಲ್ಲಿ ಉಳಿದಿರುವುದು ಬಹುಮಟ್ಟಿಗೆ ಟೈಪ್ ಮಾಡಿದ ಪ್ರತಿಗಳು, ಅವನ್ನು ಪುರಾವೆಯೆಂದು ಯಾರೂ ಒಪ್ಪಲಾರರು ಎಂದು ಮೀನಾಳ ಗಂಡ ಹಾರ್ಕರ್ ಕೊನೆಯ ಟಿಪ್ಪಣಿಯಲ್ಲಿ ಬರೆಯುತ್ತಾನೆ.