ಜನನಪೂರ್ವವೋ ಪ್ರಸವಪೂರ್ವವೋ

ಲ್ಯಾಟಿನ್ ಭಾಷೆಯಲ್ಲಿ ‘ಆಂಟೆ’ ಎಂದರೆ ಮುನ್ನ, ‘ನಾಟುಸ್’ ಎಂದರೆ ಹುಟ್ಟಿದವನು; ಇವೆರಡರ ಸಂಯೋಗದಿಂದಾದ ‘ಆಂಟಿನೇಟಲ್’ ಎಂಬ ವಿಶೇಷಣವು, 1901ರಲ್ಲಿ ಎಡಿನ್‌ಬರೋ ನಗರದ ವೈದ್ಯ ಬ್ಯಾಲಂಟೈನನು ಗರ್ಭಿಣಿಯರಿಗೆಂದೇ ಪ್ರತ್ಯೇಕ ಆಸ್ಪತ್ರೆ ಬೇಕೆಂದು ವಾದಿಸಿದಂದಿನಿಂದ ಲೋಕವನ್ನೆಲ್ಲ ಸುತ್ತಿ, ನಮ್ಮ ಬೆಂಗಳೂರಿನ ದಂಡುಪ್ರದೇಶದ ಶಿವಾಜಿನಗರದಲ್ಲಿ ‘ಎ.ಎನ್.ಸಿ.’ ಎಂದು ಮೊಟಕಾಗಿ ನೆಲೆಸಿದೆ. ಕನ್ನಡ ಲಿಪಿಗಿಳಿಸಿದೊಡನೆ ಅದು ಪಕ್ಕದ ಮನೆಯ ಆಂಟಿಯನ್ನು ನೆನಪಿಗೆ ತರುವುದು ಲಿಪಿಯ ಚೇಷ್ಟೆಯೇ ಹೊರತು ಶಬ್ದದ ದೋಷವಲ್ಲ.

ಇದಕ್ಕೆ ‘ಆಂಟಿಪಾರ್ಟಮ್’ ಎಂಬ ಒಡಹುಟ್ಟೊಂದುಂಟು. ಅದು ಹೆರುವವಳ ಕಡೆಯ ಮಾತು, ಇದು ಹುಟ್ಟುವ ಕೂಸಿನ ಕಡೆಯದು. ಕನ್ನಡವೂ ಈ ಭೇದವನ್ನು ಬಲ್ಲುದು: ಹುಟ್ಟು ಕೂಸಿನದು, ಹೆರಿಗೆ ತಾಯಿಯದು. ಹೀಗಿದ್ದೂ, ಕೂಸಿನ ಕಡೆಯಿಂದ ಹೊರಟ ಶಬ್ದವನ್ನು ನಮ್ಮ ಅನುವಾದಕರು ‘ಜನನಪೂರ್ವ’ವೆನ್ನದೆ ‘ಪ್ರಸವಪೂರ್ವ’ವೆಂದು ತಾಯಿಯ ಕಡೆಗೆ ತಿರುಗಿಸಿದರು, ಭ್ರೂಣಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆಯನ್ನು ಕನ್ನಡದಲ್ಲಿ ಹೆಸರಿಸುವಾಗಲೂ ಈ ಶಬ್ದವೇ ಬರುತ್ತದೆ. ಅವರು ಮಾಡಿದುದು ಸರಿಯೆಂದೇ ನನ್ನ ಎಣಿಕೆ. ಸಾಲಿನಲ್ಲಿ ನಿಂತು ಕಾಲು ಬಾಯಿಸಿಕೊಳ್ಳುವವಳು ತಾಯಿಯಲ್ಲವೆ!

ಸರ್ ಹಾಜಿ ಇಸ್ಮಾಯಿಲ್ ಸೇಠರ ದಾನದಿಂದ ಪರದೆಯ ಹೆಂಗಸರಿಗಾಗಿ ಎದ್ದ, ಮೂಲೆ ಎಂಬರ್ಥದ ಪಾರಸಿ ಶಬ್ದವನ್ನೇ ಹೆಸರಾಗಿ ಪಡೆದ ಘೋಷಾ ಆಸ್ಪತ್ರೆಯಂಥ ಕಡೆ, ಪ್ಲಾಸ್ಟಿಕ್ ಚೀಲದೊಳಗೆ ತಾಯಿ ಕಾರ್ಡನ್ನು ಜೋಪಾನವಾಗಿಟ್ಟುಕೊಂಡು ತೂಕಕ್ಕೂ ಬಿ.ಪಿ.ಗೂ ರಕ್ತಪರೀಕ್ಷೆಗೂ ಸರದಿ ಕಾಯುವವರ ಬಾಯಲ್ಲಿ ಲ್ಯಾಟಿನ್ನಿನ ಸುಳಿವೇ ಇರದು. “ಎಷ್ಟು ತಿಂಗಳಮ್ಮಾ?” ಎಂದರೆ ಹಲಸೂರಿನ ತಮಿಳಿತಿ ‘ಮಾಸಂ’ ಎನ್ನುವಳು, ಶಿವಾಜಿನಗರದ ಉರ್ದು ಹೆಣ್ಣು ‘ಮಹೀನಾ’ ಎನ್ನುವಳು, ಕೆ.ಆರ್. ಪುರದ ತೆಲುಗಿತಿ ‘ನೆಲ’ ಎನ್ನುವಳು. ಕನ್ನಡದ ‘ತಿಂಗಳೂ’ ಸೇರಿ ನಾಲ್ಕಕ್ಕೂ ಚಂದ್ರನ ನಂಟು. ಕಾರ್ಡಿನಲ್ಲಿ ಬರೆಯುವುದು ಮಾತ್ರ ವಾರಗಳ ಲೆಕ್ಕ. ಹಳಗನ್ನಡದ ಬಿಮ್ಮನಸೆಯಾಗಲಿ ಇಂದಿನ ಬಸುರಿಯಾಗಲಿ, ನಮ್ಮ ಶಬ್ದಗಳು ಮುಂಬರುವ ಹೆರಿಗೆಯಿಂದ ಹಿಂದಕ್ಕೆ ಎಣಿಸುವುವಲ್ಲ. ತುಂಬಿದ ಒಡಲನ್ನೇ ನೋಡಿ ಹುಟ್ಟಿದಂಥವು.

ಧರ್ಮಶಾಸ್ತ್ರದ ಮಾತು ಬೇರೆ, ಅದು ನೋಡುವುದು ಕೂಸಿನ ಕಡೆಯಿಂದ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು, ಅಣ್ಣತಮ್ಮಂದಿರು ಪಾಲಾಗುವ ಹೊತ್ತಿನಲ್ಲಿ ಮನೆಯ ಹೆಣ್ಣು ಗರ್ಭಿಣಿಯೆಂಬುದು ಸ್ಪಷ್ಟವಾಗಿದ್ದರೆ ಹೆರಿಗೆಯಾಗುವವರೆಗೆ ಕಾದು ಪಾಲು ಮಾಡಬೇಕೆಂದು ಮಿತಾಕ್ಷರೆಯಲ್ಲಿ ವಿಧಿಸಿದನು. ರೋಮನ್ನರೂ ಗರ್ಭಸ್ಥ ಶಿಶುವನ್ನು, ಅದರ ಹಿತದ ಪ್ರಶ್ನೆ ಬಂದಾಗ, ಹುಟ್ಟಿದ್ದೆಂದೇ ಭಾವಿಸುತ್ತಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 20ನೆಯ ಪ್ರಕರಣವು, ಉಯಿಲು ಬರೆಯದೆ ಸತ್ತವನ ಆಸ್ತಿಯಲ್ಲಿ ಅಂದು ಗರ್ಭದಲ್ಲಿದ್ದ ಕೂಸಿಗೂ ಹಕ್ಕನ್ನು ಕೊಡುತ್ತದೆ. ಅದು ಜೀವಂತವಾಗಿ ಹುಟ್ಟಬೇಕೆಂಬುದು ಅಲ್ಲಿಯ ಷರತ್ತು. ‘ಜನನಪೂರ್ವ’ವೆಂಬ ಶಬ್ದವನ್ನು ಆಸ್ಪತ್ರೆಯವರು ಬಿಟ್ಟರೂ ವಕೀಲರು ಇಟ್ಟುಕೊಳ್ಳುವುದು ಲೇಸು.