ಊರ ಬುಗ್ಗೆಯಿಂದ ಅತಿಥಿಯ ಅಂಗಳಕ್ಕೆ: ಜಪಾನಿನ ಬಿಸಿನೀರ ವಸತಿಗೃಹಗಳ ಚರಿತ್ರೆ

ಜಪಾನಿನ ಪರ್ವತಪ್ರಾಂತಗಳಲ್ಲಿ ಬಿಸಿನೀರಿನ ಬುಗ್ಗೆಗಳನ್ನು ಆಶ್ರಯಿಸಿ ಬೆಳೆದಿರುವ 'ರಿಯೋಕಾನ್' ಎಂಬ ವಸತಿಗೃಹಗಳು ಇಂದು ಲೋಕಪ್ರಸಿದ್ಧವಾಗಿವೆ. ಅವುಗಳಲ್ಲಿ ಮೇಲ್ದರ್ಜೆಯ ಒಂದಕ್ಕೆ ಬಂದಿಳಿಯುವ ಪ್ರವಾಸಿಯು ಪಾದರಕ್ಷೆಗಳನ್ನು ಹೊಸ್ತಿಲಲ್ಲಿಯೇ ಬಿಟ್ಟು, ಚಾಪೆ ಹಾಸಿದ ಕೊಠಡಿಯನ್ನು ಪ್ರವೇಶಿಸಿ, ಅಲ್ಲಿಯವರು ಕೊಟ್ಟ ಹತ್ತಿಯ ನಿಲುವಂಗಿಯನ್ನು ತೊಡುತ್ತಾನೆ. ಸಂಜೆಯ ವೇಳೆಗೆ ಬಯಲುಕೊಳದ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಎದುರಿನ ಪರ್ವತಶ್ರೇಣಿಯನ್ನು ನೋಡುತ್ತಾನೆ. ಅನಂತರ ಚಿಕ್ಕ ಚಿಕ್ಕ ಪಾತ್ರೆಗಳಲ್ಲಿ ಒಂದಾದ ಮೇಲೊಂದರಂತೆ ಬರುವ ಭೋಜನವು ಅವನಿಗಾಗಿ ಕಾದಿರುತ್ತದೆ. ಈ ಸುಖವೆಲ್ಲವೂ ಸಹಸ್ರ ವರ್ಷಗಳಿಂದ ಇದೇ ರೂಪದಲ್ಲಿ ನಡೆದುಬಂದ ಸಂಪ್ರದಾಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಯಾಮಾನಾಷಿ ಪ್ರಾಂತದ ಕೇಯುನ್‌ಕಾನ್ ಎಂಬ ವಸತಿಗೃಹವು ಕ್ರಿ. ಶ. 705ರಲ್ಲಿಯೂ ಇಷಿಕಾವಾ ಪ್ರಾಂತದ ಹೋಷಿ ಎಂಬುದು 718ರಲ್ಲಿಯೂ ಸ್ಥಾಪಿತವಾದುವೆಂಬ ಐತಿಹ್ಯಗಳು ಈ ಭಾವನೆಗೆ ಪುಷ್ಟಿ ಕೊಟ್ಟಿವೆ.

ಐತಿಹ್ಯವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದಾಗ ಮೇಲ್ಕಂಡ ಸುಖದಲ್ಲಿ ಸ್ನಾನ, ವಾಸ, ಭೋಜನ, ಗಿರಿದರ್ಶನ ಎಂಬ ನಾಲ್ಕು ಅಂಗಗಳಿರುವುದೂ, ಇವು ನಾಲ್ಕು ಬೇರೆ ಬೇರೆ ಕಾಲಗಳಲ್ಲಿ ಬಂದು ಸೇರಿದುವೆಂಬುದೂ ಸ್ಪಷ್ಟವಾಗುತ್ತದೆ. ಅಲ್ಲದೆ, ಅವು ಸೇರುತ್ತ ಬಂದ ಹಾಗೆಲ್ಲ ಊರಿಗೆಲ್ಲ ಸಾಮಾನ್ಯವಾಗಿದ್ದ ನೀರು ಮೆಲ್ಲಮೆಲ್ಲನೆ ಗೋಡೆಯೊಳಕ್ಕೆ ಸರಿಯಿತು. ಆ ನೀರಿಗೆ ಇಳಿಯಲು ಯಾರಿಗೆ ಅಧಿಕಾರ, ಎಷ್ಟು ದಿನ, ಯಾವ ನೆಪದಿಂದ ಎಂಬ ಪ್ರಶ್ನೆಗಳ ಸುತ್ತಲೇ ಈ ವಸತಿಗೃಹಗಳ ಚರಿತ್ರೆ ಹೆಣೆದುಕೊಂಡಿದೆ. ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಇದನ್ನೇ.

ನಾಲ್ಕು ಅಂಗಗಳಲ್ಲಿ ಸ್ನಾನವೇ ಅತ್ಯಂತ ಪ್ರಾಚೀನವಾದುದು. 720ರಲ್ಲಿ ಪೂರ್ಣಗೊಂಡ 'ನಿಹೊನ್ ಷೊಕಿ' ಎಂಬ ರಾಜಚರಿತ್ರೆಯ ಪ್ರಕಾರ ಜೊಮೇಯ್ ಚಕ್ರವರ್ತಿಯು 631ರಲ್ಲಿ ಅರಿಮಾದ ಬುಗ್ಗೆಗೆ ಹೋಗಿ ಸುಮಾರು ಮೂರು ತಿಂಗಳ ಕಾಲ ಅಲ್ಲಿ ತಂಗಿದ್ದನು. ಆದರೆ ನಮ್ಮ ಪ್ರಶ್ನೆಗೆ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯವು 733ರ ಇಜುಮೊ ದೇಶವರ್ಣನೆಯಲ್ಲಿ ದೊರೆಯುತ್ತದೆ. ಇಂದು ತಮಾತ್ಸುಕುರಿ ಎಂದು ಕರೆಯಲಾಗುವ ಬುಗ್ಗೆಯಲ್ಲಿ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲರೂ ದಿನವೂ ನೆರೆದು, ಸ್ಥಳವೇ ಸಂತೆಯಂತಾಗಿ, ಉಂಡು ಕುಡಿದು ನಲಿಯುತ್ತಿದ್ದರೆಂದೂ, ಆ ನೀರು ರೂಪವನ್ನು ಹೆಚ್ಚಿಸಿ ರೋಗವನ್ನು ಕಳೆಯುವುದೆಂದು ಜನ ನಂಬಿದ್ದರೆಂದೂ ಅದರಲ್ಲಿ ಹೇಳಿದೆ. ಬಿಸಿನೀರಿನ ಬುಗ್ಗೆಯ ಬಗ್ಗೆ ನಮಗೆ ದೊರೆತಿರುವ ಪ್ರಾಚೀನ ಚಿತ್ರಗಳಲ್ಲಿ ಒಂದು ಹೀಗೆ ಏಕಾಂತದ ಚಿತ್ರವಲ್ಲ, ಜನಸಂದಣಿಯ ಚಿತ್ರ ಎಂಬುದು ಗಮನಾರ್ಹವಾಗಿದೆ.

ಬೌದ್ಧಮತವು ಈ ನೀರಿಗೆ ಪುಣ್ಯದ ಮಹಿಮೆಯನ್ನು ಕೂಡಿಸಿತು. ಅರಿಮಾದ ಜೀರ್ಣೋದ್ಧಾರವನ್ನು ಐತಿಹ್ಯವು ಗ್ಯೋಕಿ ಎಂಬ ಎಂಟನೆಯ ಶತಮಾನದ ಭಿಕ್ಷುವಿಗೆ ಸಲ್ಲಿಸುತ್ತದೆ. ರಾಜ್ಯಶಕ್ತಿಯು ತನ್ನ ಗೋಡೆಯನ್ನು ಎಬ್ಬಿಸಿದ್ದಕ್ಕೂ ಇಲ್ಲಿಯೇ ಸಾಕ್ಷ್ಯವಿದೆ. ಹದಿನಾರನೆಯ ಶತಮಾನದ ಕೊನೆಯಲ್ಲಿ ಜಪಾನನ್ನು ಒಂದುಗೂಡಿಸಿದ ತೊಯೊತೊಮಿ ಹಿದೆಯೊಷಿಯು ಅರಿಮಾಕ್ಕೆ ಅನೇಕ ಬಾರಿ ಬಂದು ತನಗಾಗಿ ಒಂದು ಸ್ನಾನಮಂದಿರವನ್ನೇ ಕಟ್ಟಿಸಿಕೊಂಡನು. ಅದು ಬಹುಕಾಲ ಕೇವಲ ಜನಜನಿತ ಕಥೆಯಾಗಿತ್ತು. 1995ರ ಭಾರಿ ಭೂಕಂಪದಲ್ಲಿ ಜಖಂಗೊಂಡ ಗೊಕುರಾಕುಜಿ ದೇವಾಲಯದ ಕಟ್ಟಡವನ್ನು ತೆಗೆದು ನೆಲವನ್ನು ಅಗೆದಾಗ ಆ ಮಂದಿರದ ಅವಶೇಷಗಳು ಪ್ರತ್ಯಕ್ಷವಾದುವು. ಊರ ನೀರನ್ನು ಒಬ್ಬನ ಸುಖಕ್ಕೆ ಮೀಸಲಿಡುವ ಪ್ರಯತ್ನವು ಇಂದಿನ ಹಣವಂತರಿಂದ ಆರಂಭವಾದುದಲ್ಲವೆಂಬುದಕ್ಕೆ ಈ ಅವಶೇಷಗಳೇ ಆಧಾರ.

ಎರಡನೆಯ ಅಂಗವಾದ ವಾಸದ ಪದ್ಧತಿಯು ಖಚಿತ ರೂಪವನ್ನು ಪಡೆದದ್ದು ತೊಕುಗಾವಾ ಷೋಗುನರ ಆಳಿಕೆಯಲ್ಲಿ (1603-1868). ಆ ಸರ್ಕಾರವು ಪ್ರಜೆಗಳ ಸಂಚಾರವನ್ನು ಕಟ್ಟುನಿಟ್ಟಾಗಿ ಹತೋಟಿಯಲ್ಲಿಟ್ಟಿತ್ತು. ಎದೊ ಮತ್ತು ಕ್ಯೋತೊ ನಗರಗಳ ನಡುವಣ ಹೆದ್ದಾರಿಯಲ್ಲಿ, ಹಕೊನೆ ಘಟ್ಟದ ಮೇಲೆ, 1619ರಲ್ಲಿ ಸ್ಥಾಪಿತವಾದ ಠಾಣೆಯನ್ನು ರಹದಾರಿಯಿಲ್ಲದೆ ದಾಟುವಂತಿರಲಿಲ್ಲ. ರೈತನು ಹೊಲವನ್ನು ಬಿಟ್ಟು ಹೊರಡಲು ಒಪ್ಪತಕ್ಕ ಕಾರಣವೊಂದು ಬೇಕಾಗಿತ್ತು. ತೀರ್ಥಯಾತ್ರೆ ಮತ್ತು 'ತೋಜಿ' ಎಂಬ ಜಲಚಿಕಿತ್ಸೆ, ಇವೆರಡೂ ಅಂತಹ ಕಾರಣಗಳು. ಚಿಕಿತ್ಸೆಗೆ ಏಳು ದಿನಗಳ ಒಂದು ಸುತ್ತು. ಪೂರ್ಣಫಲಕ್ಕೆ ಮೂರು ಸುತ್ತುಗಳು, ಎಂದರೆ ಇಪ್ಪತ್ತೊಂದು ದಿನಗಳು. ಸುಗ್ಗಿ ಮುಗಿದ ಮೇಲೆ ಅಕ್ಕಿ ಮತ್ತು ಹುದುಗಿಸಿದ ಸೋಯಾ ಅವರೆಯ ಮುದ್ದೆಯನ್ನು ಹೊತ್ತುಕೊಂಡು ಬಂದು, ಬುಗ್ಗೆಯ ಬಳಿಯ ಕೊಠಡಿಯಲ್ಲಿ ತಾವೇ ಅಡಿಗೆ ಮಾಡಿಕೊಂಡು, ವಾರಗಟ್ಟಲೆ ತಂಗಿ ಮೈಕೈ ನೋವನ್ನು ಕಳೆದುಕೊಳ್ಳುತ್ತಿದ್ದ ಕುಟುಂಬಗಳೇ ಆ ಕಾಲದ ಅತಿಥಿಗಳಲ್ಲಿ ಬಹುಮಂದಿ. ನಮ್ಮ ಯಾತ್ರಾಸ್ಥಳಗಳ ಛತ್ರಗಳನ್ನು ಬಲ್ಲವರಿಗೆ ಈ ಜೀವನಕ್ರಮವು ಅಪರಿಚಿತವೆನಿಸದು.

ಇದೇ ಕಾಲದಲ್ಲಿ ಸಂಭವಿಸಿದ ಒಂದು ವ್ಯಾಜ್ಯವು ವಸತಿಗೃಹದ ಚರಿತ್ರೆಯಲ್ಲಿ ಮುಖ್ಯವಾದ ತಿರುವು. ಹೆದ್ದಾರಿಯ ಪ್ರಯಾಣಿಕರು ನಿಗದಿಯಾದ ಠಾಣ್ಯದ ಊರುಗಳಲ್ಲಿಯೇ ರಾತ್ರಿ ಕಳೆಯಬೇಕೆಂಬುದು ನಿಯಮ. ಸರ್ಕಾರಿ ಪ್ರಯಾಣಕ್ಕೆ ಕುದುರೆ ಮತ್ತು ಹೊರೆಯಾಳುಗಳನ್ನು ಒದಗಿಸುವ ಹೊಣೆ ಆ ಊರುಗಳದಾಗಿದ್ದುದರಿಂದ ವಸತಿಯ ಲಾಭವೂ ಅವುಗಳ ಹಕ್ಕಾಗಿತ್ತು. ಆದರೆ ಯಾತ್ರಿಕರ ತಂಡಗಳು ಹತ್ತಿರದ ಯುಮೊತೊ ಬುಗ್ಗೆಯಲ್ಲಿ ಒಂದು ರಾತ್ರಿ ತಂಗಿ ಮುಂದುವರಿಯತೊಡಗಿದಾಗ ಠಾಣ್ಯದ ಊರಿನವರು ಅಧಿಕಾರಿಗಳಲ್ಲಿ ದೂರಿತ್ತರು. ಏಳು ದಿನಗಳಿಲ್ಲದ ಚಿಕಿತ್ಸೆಯು ಚಿಕಿತ್ಸೆಯೇ ಅಲ್ಲವೆಂಬುದು ವಾದದ ತಿರುಳು. 1805ರಲ್ಲಿ ತೀರ್ಪು ಯುಮೊತೊದ ಪರವಾಗಿ ಬಂದು 'ಒಂದಿರುಳಿನ ಜಲಚಿಕಿತ್ಸೆ'ಗೆ ಮಾನ್ಯತೆ ದೊರೆಯಿತು. ಇಂದಿನ ಪ್ರವಾಸಿಯು ಒಂದೇ ರಾತ್ರಿ ತಂಗಿ ಮರುದಿನ ಬೆಳಿಗ್ಗೆ ಹೊರಟುಬಿಡುತ್ತಾನಷ್ಟೆ. ಆ ರೂಢಿಯು ಶಾಸನಬದ್ಧವಾದದ್ದು ಇಲ್ಲಿಯೇ. ರೋಗಿಯು ವಿಹಾರಿಯಾಗಿ ಮಾರ್ಪಟ್ಟ ಕ್ಷಣವನ್ನು ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾಗಿ ಗುರುತಿಸುವ ಅವಕಾಶ ಅಪರೂಪ.

ಮೂರನೆಯದಾದ ಭೋಜನವು ಬುಗ್ಗೆಯೊಡನೆ ಹುಟ್ಟಿದುದಲ್ಲ. ಹೆದ್ದಾರಿಯಿಂದಲೂ ನಗರದಿಂದಲೂ ಬಂದುದು. ತೊಕುಗಾವಾ ಕಾಲದ ಬಿಡಾರಗಳಲ್ಲಿ ಎರಡು ಬಗೆ: ಸೌದೆಯ ಬೆಲೆಯನ್ನಷ್ಟೇ ತೆತ್ತು ತಾವೇ ಬೇಯಿಸಿಕೊಳ್ಳುವ ಬಡವರ ಬಿಡಾರ ಒಂದು, ಊಟವನ್ನೂ ಒದಗಿಸುವ 'ಹತಾಗೊ' ಇನ್ನೊಂದು. ಒಂದು ರಾತ್ರಿ, ಎರಡು ಊಟ ಎಂಬ ಇಂದಿನ ಕ್ರಮವು ಎರಡನೆಯದರ ಸಂತತಿ. ಅದರ ಮೇಲೆ ನಗರದ ಔತಣಕೂಟಗಳ 'ಕೈಸೆಕಿ' ಭೋಜನದ ವೈಭವವು ಬಂದು ಕುಳಿತಿತು. ಸೆನ್ ನೊ ರಿಕ್ಯೂ (1522-1591) ಮೊದಲಾದ ಚಹಾಗುರುಗಳ ಮಿತವಾದ ಊಟಕ್ಕೂ 'ಕೈಸೆಕಿ' ಎಂದೇ ಉಚ್ಚಾರಣೆ. ಆದರೆ ಬರೆಯುವ ಅಕ್ಷರಗಳು ಬೇರೆ, ಸ್ವಭಾವವೂ ಬೇರೆ. ಸರಳತೆಯ ಹೆಸರೂ ಸಮೃದ್ಧಿಯ ಹೆಸರೂ ಕಿವಿಗೆ ಒಂದೇ ಆಗಿ ಕೇಳುವುದರಿಂದ ಎರಡನ್ನೂ ಒಂದೆಂದೇ ತಿಳಿಯುವವರುಂಟು.

ಕೊನೆಯಲ್ಲಿ ಬಂದದ್ದು ಗಿರಿದರ್ಶನ. ಪರ್ವತಗಳು ಜಪಾನಿನಲ್ಲಿ ಅನಾದಿಯಿಂದಲೂ ಪೂಜ್ಯವೆಂಬುದು ನಿಜ; ಹಿರೊಷಿಗೆ 1852ರಲ್ಲಿ ಹಕೊನೆಯ ಏಳು ಬುಗ್ಗೆಗಳನ್ನು ಚಿತ್ರಿಸಿದ್ದುದೂ ನಿಜ. ಆದರೆ ಕೊಠಡಿಯ ಕಿಟಕಿಯಿಂದ ಕಾಣುವ ಪರ್ವತಕ್ಕೆ ಬೆಲೆ ಕಟ್ಟಿ ಮಾರುವ ವ್ಯವಸ್ಥೆಯು ಮೇಯ್ಜಿ ಯುಗದ (1868-1912) ಅನಂತರದ್ದು. ಯಾಮಾಗುಚಿ ಸೆನ್ನೊಸುಕೆ ಎಂಬಾತನು 1878ರಲ್ಲಿ ಹಕೊನೆಯ ಮಿಯಾನೊಷಿತಾದಲ್ಲಿ ಫುಜಿಯಾ ಹೋಟೆಲನ್ನು ತೆರೆದನು. ವಿದೇಶೀಯರಿಗೆ ಒಳನಾಡಿನಲ್ಲಿ ಸಂಚರಿಸಲು 1899ರವರೆಗೂ ರಹದಾರಿ ಬೇಕಾಗಿದ್ದು, ಆರೋಗ್ಯವು ಅದಕ್ಕೆ ಅಂಗೀಕೃತ ಕಾರಣಗಳಲ್ಲೊಂದಾಗಿತ್ತು. ಹಿಂದೆ ರೈತನಿಗೆ ಬೇಕಾಗಿದ್ದ ನೆಪವೇ ಈಗ ಐರೋಪ್ಯನಿಗೂ ಬೇಕಾಯಿತು! 1893ರಲ್ಲಿ ಫುಜಿಯಾ ಹೋಟೆಲೂ ನೆರೆಯ ನರಾಯಾ ವಸತಿಗೃಹವೂ ಒಂದು ಒಪ್ಪಂದ ಮಾಡಿಕೊಂಡು, ಮೊದಲನೆಯದು ವಿದೇಶೀಯರಿಗೆ, ಎರಡನೆಯದು ಜಪಾನೀಯರಿಗೆ ಎಂದು ಅತಿಥಿಗಳನ್ನು ಹಂಚಿಕೊಂಡವು. ಈ ಏರ್ಪಾಡು 1912ರವರೆಗೆ ನಡೆಯಿತು. ಅದೇ ವರ್ಷಗಳಲ್ಲಿ, 1894ರಲ್ಲಿ, ಷಿಗಾ ಷಿಗೆತಾಕನು ಜಪಾನಿನ ಭೂದೃಶ್ಯವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವು ವಿದ್ಯಾವಂತ ತರುಣರಿಗೆ ಪರ್ವತಗಳನ್ನು ಹೊಸ ಕಣ್ಣಿನಿಂದ ನೋಡಲು ಕಲಿಸಿತು. 1919ರಲ್ಲಿ ಬೆಟ್ಟದ ರೈಲು ಯುಮೊತೊದಿಂದ ಗೋರಾದವರೆಗೆ ಏರಿತು. 1931ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂದು, 1936ರಲ್ಲಿ ಫುಜಿ-ಹಕೊನೆ ಪ್ರದೇಶವು ಉದ್ಯಾನವಾಯಿತು. ಶಾಸ್ತ್ರ, ಸಾರಿಗೆ, ಸರ್ಕಾರ ಮೂರೂ ಸೇರಿ ಗಿರಿದೃಶ್ಯವನ್ನು ಸಾರ್ವಜನಿಕ ಸೊತ್ತಾಗಿ ಘೋಷಿಸಿದುವು. ಅದರ ಫಲವನ್ನು ಕಿಟಕಿಗಳ ಒಡೆಯರು ಉಂಡರು.

ಹೀಗೆ ನಾಲ್ಕು ಅಂಗಗಳೂ ಒಂದೇ ಸೂರಿನಡಿ ಸೇರಬೇಕಾದರೆ ನೀರು ಊರ ಬೀದಿಯಿಂದ ಮನೆಯೊಳಕ್ಕೆ ಬರಬೇಕಾಗಿತ್ತು. ಅನೇಕ ಊರುಗಳಲ್ಲಿ ಮೊದಲು ವಸತಿಗೃಹವು ಮಲಗುವ ಸ್ಥಳ ಮಾತ್ರ; ಸ್ನಾನಕ್ಕೆ ಎಲ್ಲರೂ 'ಸೊತೊಯು' ಎಂಬ ಊರ ಸ್ನಾನಗೃಹಕ್ಕೇ ಹೋಗುತ್ತಿದ್ದರು. ಕಿನೊಸಾಕಿ ಪಟ್ಟಣವು 1925ರ ಭೂಕಂಪ ಮತ್ತು ಬೆಂಕಿಯಲ್ಲಿ ನಾಶವಾಗಿ ಮತ್ತೆ ತಲೆಯೆತ್ತುತ್ತಿದ್ದಾಗ, 1927ರಲ್ಲಿ ಅಲ್ಲಿಯ ಒಂದು ವಸತಿಗೃಹವು ತನ್ನ ಆವರಣದಲ್ಲಿಯೇ ಒಳಸ್ನಾನವನ್ನು ಏರ್ಪಡಿಸಿತು. ನೆಲ ಒಬ್ಬನದಾದರೆ ಅದರಡಿಯ ನೀರೂ ಅವನದೆ? ಅಥವಾ ತಲೆಮಾರುಗಳಿಂದ ಅದನ್ನು ಬಳಸಿದ ಊರಿನದೆ? ಊರು ನ್ಯಾಯಾಲಯಕ್ಕೆ ಹೋಯಿತು. ಯುದ್ಧವನ್ನೂ ಸೋಲನ್ನೂ ದಾಟಿ ನಡೆದ ಈ ವ್ಯಾಜ್ಯವು 1950ರಲ್ಲಿ ರಾಜಿಯಿಂದ ಮುಗಿಯಿತು. ನೀರು ಊರಿನ ಹತೋಟಿಯಲ್ಲಿರತಕ್ಕದ್ದು. ವಸತಿಗೃಹಗಳು ಮಿತವಾದ ಅಳತೆಯ ಒಳಸ್ನಾನಗಳನ್ನು ಇಟ್ಟುಕೊಳ್ಳಬಹುದು. ಇಂದಿಗೂ ಕಿನೊಸಾಕಿಯ ಅತಿಥಿಗಳು ಸಂಜೆ ನಿಲುವಂಗಿ ತೊಟ್ಟು, ಮರದ ಪಾದುಕೆಗಳನ್ನು ಸದ್ದುಮಾಡುತ್ತ, ಊರ ಸ್ನಾನಗೃಹಗಳಿಗೆ ನಡೆದುಹೋಗುತ್ತಾರೆ. ಅವರು ನಡೆಯುವ ಬೀದಿಯು ಇಪ್ಪತ್ತಮೂರು ವರ್ಷಗಳ ಒಂದು ಹೋರಾಟದ ಫಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯಾದರೂ ನೆನಪಿನಲ್ಲಿಡಬೇಕು.

ಗೋಡೆಯು ಕೇವಲ ಹಣದ್ದಾಗಿರಲಿಲ್ಲ. ಆಮ್ಲಯುಕ್ತವಾದ ಬಿಸಿನೀರಿಗೆ ಹೆಸರಾದ ಕುಸಾತ್ಸುವಿಗೆ ಕುಷ್ಠರೋಗಿಗಳು ಗುಣದ ಆಸೆಯಿಂದ ಬರುತ್ತಿದ್ದರು. 1876ರಲ್ಲಿ ಜಪಾನಿಗೆ ಬಂದ ಎರ್ವಿನ್ ಬೆಲ್ಜ್ ಎಂಬ ಜರ್ಮನ್ ವೈದ್ಯನು ಈ ಊರನ್ನು ಮೆಚ್ಚಿ ಹೊಗಳಿದನು. ಊರಿನ ಕೀರ್ತಿ ಬೆಳೆಯಿತು. ಅದೇ ಕಾಲದಲ್ಲಿ, 1887ರಲ್ಲಿ, ಆ ರೋಗಿಗಳನ್ನು ಯುನೊಸಾವಾ ಎಂಬ ಪ್ರತ್ಯೇಕ ಕೇರಿಗೆ ಸರಿಸಲಾಯಿತು. 1932ರಲ್ಲಿ ಸಮೀಪದಲ್ಲಿಯೇ ಸರ್ಕಾರಿ ಆರೋಗ್ಯಧಾಮವು ಸ್ಥಾಪಿತವಾದ ಮೇಲೆ ಆ ಕೇರಿಯೂ ಕ್ರಮೇಣ ಇಲ್ಲವಾಯಿತು. ಯಾರಿಗೆ ನೀರಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತೋ ಅವರೇ ಮೊದಲು ದೂರವಾದರು.

ಎರಡನೆಯ ಮಹಾಯುದ್ಧದ ಅನಂತರದ ಬೆಳವಣಿಗೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 1944ರಲ್ಲಿ ಬಾಂಬುದಾಳಿಯ ಭಯದಿಂದ ನಗರಗಳ ಶಾಲಾಮಕ್ಕಳನ್ನು ಹಳ್ಳಿಗಾಡಿಗೆ ಸಾಗಿಸಿದಾಗ ಅನೇಕ ಬುಗ್ಗೆಯೂರುಗಳ ವಸತಿಗೃಹಗಳು ಮಕ್ಕಳ ಬಿಡಾರಗಳಾಗಿದ್ದುವು. 1948ರ ಕಾಯಿದೆಯು ಬಿಸಿನೀರಿನ ಬುಗ್ಗೆಗೆ ಲಕ್ಷಣವನ್ನು ನಿರ್ಣಯಿಸಿತು: ಮೂಲದಲ್ಲಿ 25 ಡಿಗ್ರಿ ಸೆಂಟಿಗ್ರೇಡ್ ಅಥವಾ ಅದಕ್ಕೆ ಮೇಲ್ಪಟ್ಟ ಉಷ್ಣತೆ, ಇಲ್ಲವೆ ಗೊತ್ತುಪಡಿಸಿದ ದ್ರವ್ಯಗಳಲ್ಲಿ ಯಾವುದಾದರೊಂದರ ತಕ್ಕಷ್ಟು ಅಂಶ. ಆರ್ಥಿಕ ಏಳಿಗೆಯ ವರ್ಷಗಳಲ್ಲಿ ಕಂಪೆನಿಗಳ ನೌಕರರ ತಂಡಗಳಿಗಾಗಿ ಬೃಹತ್ ಕಟ್ಟಡಗಳು ಎದ್ದುವು. 1990ರ ದಶಕದ ಆರ್ಥಿಕ ಕುಸಿತದ ಅನಂತರ ಕಿನುಗಾವಾದಂತಹ ಕಡೆಗಳಲ್ಲಿ ಅವುಗಳಲ್ಲಿ ಹಲವು ಪಾಳುಬಿದ್ದುವು. ಈಗ ಬೇಡಿಕೆಯಿರುವುದು ಕೊಠಡಿಗೆ ಹೊಂದಿದ ಸ್ವಂತ ಬಯಲುಕೊಳಕ್ಕೆ ಮತ್ತು ಅದರಿಂದ ಕಾಣುವ ಸ್ವಂತ ಬೆಟ್ಟಕ್ಕೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯಾಗಿ ಕುಮಾಮೊತೊ ಪ್ರಾಂತದ ಪರ್ವತಕಣಿವೆಯಲ್ಲಿರುವ ಕುರೊಕಾವಾ ಎಂಬ ಊರನ್ನು ಪರಿಶೀಲಿಸೋಣ. 1986ರಲ್ಲಿ ಇಲ್ಲಿಯ ವಸತಿಗೃಹಗಳವರು ಒಟ್ಟುಗೂಡಿ, ದೇವದಾರು ಜಾತಿಯ ಮರದ ಒಂದು ಬಿಲ್ಲೆಯನ್ನು ಕೊಂಡವರು ಯಾವುವಾದರೂ ಮೂರು ಮನೆಗಳ ಬಯಲುಕೊಳಗಳಲ್ಲಿ ಸ್ನಾನ ಮಾಡಬಹುದೆಂದು ಗೊತ್ತುಮಾಡಿದರು. ತಮ್ಮ ತಮ್ಮ ಜಾಹೀರಾತಿನ ಹಲಗೆಗಳನ್ನು ಕಿತ್ತುಹಾಕಿ, ಬೀದಿಯ ಉದ್ದಕ್ಕೂ ಕಾಡಿನ ಮರಗಳನ್ನು ನೆಟ್ಟರು. ಇಂದು ಪ್ರವಾಸಿಯು ಅಲ್ಲಿ ಪ್ರಕೃತಿಸಹಜವೆಂದು ತಿಳಿದು ಸವಿಯುವ ದೃಶ್ಯದಲ್ಲಿ ಬಹುಭಾಗ ಹೀಗೆ ಕೂಡಿ ನೆಟ್ಟದ್ದು.

ಆದರೆ ಅದೇ ಊರಿನಲ್ಲಿಯೇ, 2003ರ ನವೆಂಬರಿನಲ್ಲಿ, ಒಂದು ಹೋಟೆಲು ಕಿಕುಚಿ ಕೇಯ್‌ಫೂಎನ್ ಆರೋಗ್ಯಧಾಮದ ನಿವಾಸಿಗಳಿಗೆ ತಂಗಲು ಅವಕಾಶವನ್ನು ನಿರಾಕರಿಸಿತು. ಅವರು ಎಂದೋ ಕುಷ್ಠರೋಗದಿಂದ ಗುಣಹೊಂದಿದವರು. ರೋಗಿಗಳನ್ನು ಪ್ರತ್ಯೇಕಿಸುವ ಕಾನೂನು 1996ರಲ್ಲಿಯೇ ರದ್ದಾಗಿತ್ತು. ಆ ನೀತಿಯು ಸಂವಿಧಾನಕ್ಕೆ ವಿರುದ್ಧವಾಗಿತ್ತೆಂದು ಕುಮಾಮೊತೊ ನ್ಯಾಯಾಲಯವು 2001ರಲ್ಲಿ ತೀರ್ಪಿತ್ತಿತ್ತು. ಆದಾಗ್ಯೂ ಸುದ್ದಿ ಹರಡಿದ ಮೇಲೆ ಆ ನಿವಾಸಿಗಳಿಗೇ ನಿಂದೆಯ ಪತ್ರಗಳು ಬಂದುವು. ಕುಸಾತ್ಸುವಿನ 1887ರ ಗೋಡೆಯು ಶಾಸನದಿಂದ ಬಿದ್ದುಹೋದರೂ ಮನಸ್ಸಿನಿಂದ ಬಿದ್ದಿರಲಿಲ್ಲ.

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯವಿಷ್ಟು. ಜಪಾನಿನ ಬಿಸಿನೀರ ವಸತಿಗೃಹವು ಒಂದು ಅಖಂಡ ಸಂಪ್ರದಾಯವಲ್ಲ. ಬೇರೆ ಬೇರೆ ಕಾಲಗಳ ಪದರಗಳಿಂದ ಕೂಡಿದ ಸಂಸ್ಥೆ. ಅದರ ವೈಭವವನ್ನು ಅಳೆಯಲು ಕೊಠಡಿಯ ಬಾಡಿಗೆಯೊಂದೇ ಮಾನದಂಡವಾಗಲಾರದು. ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬ ಲೆಕ್ಕವೂ ಅದರೊಡನೆ ಸೇರಬೇಕು. ಸಾಮಾಜಿಕ ಚರಿತ್ರೆಯನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳು ಅರಮನೆ ಮತ್ತು ಕೋಟೆಗಳಷ್ಟೇ ಶ್ರದ್ಧೆಯಿಂದ ಛತ್ರ, ಬಿಡಾರ, ಸ್ನಾನಘಟ್ಟಗಳ ದಾಖಲೆಗಳನ್ನೂ ವ್ಯಾಜ್ಯಗಳನ್ನೂ ಪರಿಶೀಲಿಸಬೇಕಾಗಿದೆ. ಇಜುಮೊದ ದೇಶವರ್ಣನೆಯನ್ನು ಬರೆದವರು ಬುಗ್ಗೆಯ ಸುತ್ತ ಕಂಡದ್ದು ಮುದುಕರು ಮಕ್ಕಳೆನ್ನದೆ ನೆರೆದ ಒಂದು ಸಂತೆಯನ್ನು. ಆ ಸಂತೆಯಿಂದ ಎಷ್ಟು ದೂರ ಬಂದಿದ್ದೇವೆಂಬುದನ್ನು ಅಳೆಯುವುದು ಚರಿತ್ರಕಾರನ ಕೆಲಸವೇ ಆಗಿದೆ.